ಖಿನ್ನತೆಯ ಮಾತ್ರೆಗೂ ಮೂಳೆ ಮುರಿತಕ್ಕೂ ಏನು ನಂಟು?

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮ ರಾತ್ರಿ ಮೂರು ಗಂಟೆಗೆ ಬಚ್ಚಲಿಗೆ ಹೋಗಲು ಎದ್ದವರು ಮಂಚದ ಪಕ್ಕದಲ್ಲೇ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಅವರಿಗೆ 68 ವರ್ಷ. ನೆಲ ಒದ್ದೆ ಇರಲಿಲ್ಲ, ಹಾಲ್‌ನ ಲೈಟೂ ಉರಿಯುತ್ತಿತ್ತು. "ಕಾಲು ಜಾರಲಿಲ್ಲ ಕಣಪ್ಪಾ, ಎದ್ದು ನಿಂತೆ, ತಲೆ ಗಿರ್ ಅಂತು, ಆಮೇಲೆ ನೋಡಿದ್ರೆ ನೆಲದ ಮೇಲಿದ್ದೆ" ಅಂತ ಮೂರು ದಿನ ಎಲ್ಲರಿಗೂ ಅದನ್ನೇ ಹೇಳಿದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು, ಆರು ವಾರ ಬಿಟ್ಟು ಬನ್ನಿ ಅಂದರು. ಬೇರೆ ಏನೇನು ಮಾತ್ರೆ ತಗೊಳ್ತೀರಿ ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಅವರ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಹಳೇ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಬಿಪಿಗೆ ಒಂದು, ಟೆಲ್ಮಿಸಾರ್ಟಾನ್ ಜೊತೆ ನೀರು ಹೋಗುವ ಔಷಧಿ ಸೇರಿಸಿದ್ದು. ಥೈರಾಯ್ಡ್‌ಗೆ ಒಂದು. ಇನ್ನೊಂದು "ನಿದ್ದೆ ಮಾತ್ರೆ". ಹಾಗಂತ ಅವರೇ ಕರೆಯುತ್ತಿದ್ದರು. ಸ್ಟ್ರಿಪ್ ತಿರುಗಿಸಿ ಓದಿದರೆ ಖಿನ್ನತೆಯ ಮಾತ್ರೆ ಎಸಿಟಲೋಪ್ರಾಮ್ 10 ಮಿ.ಗ್ರಾಂ, ಅದರ ಜೊತೆ ನಿದ್ದೆ ಬರಿಸುವ ಕ್ಲೋನಜೆಪಾಮ್ 0.5 ಮಿ.ಗ್ರಾಂ. ಆರು ವರ್ಷದ ಹಿಂದೆ ದೊಡ್ಡಪ್ಪ ತೀರಿಕೊಂಡಾಗ ಒಬ್ಬ ಡಾಕ್ಟರು ಬರೆದುಕೊಟ್ಟದ್ದು. ಚೀಟಿಯಲ್ಲಿ ಮೂರು ತಿಂಗಳು ಬಿಟ್ಟು ಬನ್ನಿ ಅಂತಲೂ ಬರೆದಿತ್ತು. ಇವರು ಮತ್ತೆ ಹೋಗಲೇ ಇಲ್ಲ. ಖಾಲಿ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ ಶಾಪ್‌ನಲ್ಲಿ ಕೊಡುತ್ತಿದ್ದರು. ಆರು ವರ್ಷ ಹಾಗೇ ನಡೆಯಿತು.

ಆ ರಾತ್ರಿಯಿಂದ ಈ ವಿಷಯ ಓದಲು ಶುರು ಮಾಡಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಹೋಗುವ ಮೊದಲು ಒಂದು ಮಾತು. ನೀವು ಅಥವಾ ನಿಮ್ಮ ಮನೆಯವರು ಖಿನ್ನತೆಗೆ ಮಾತ್ರೆ ತಗೊಳ್ತಿದ್ದರೆ, ಇದನ್ನು ಓದಿ ದಯವಿಟ್ಟು ಇವತ್ತು ರಾತ್ರಿಯಿಂದ ನಿಲ್ಲಿಸಬೇಡಿ. ಯಾಕೆ ಅಂತ ಕೆಳಗೆ ವಿವರವಾಗಿ ಹೇಳುತ್ತೇನೆ.

ನಂಟು ಮೊದಲು ಕಣ್ಣಿಗೆ ಬಿದ್ದದ್ದು 1987ರಲ್ಲಿ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಸೊಂಟದ ಮೂಳೆ ಮುರಿದುಕೊಂಡ ಸಾವಿರಕ್ಕೂ ಹೆಚ್ಚು ವೃದ್ಧರ ದಾಖಲೆ ತೆಗೆದು, ಮುರಿದುಕೊಳ್ಳದ ಐದು ಸಾವಿರಕ್ಕೂ ಹೆಚ್ಚು ವೃದ್ಧರ ಜೊತೆ ಹೋಲಿಸಿದರು. ವೇಯ್ನ್ ರೇ ಮತ್ತು ಅವರ ಜೊತೆಗಾರರು ಮಾಡಿದ ಕೆಲಸ. ಟ್ರೈಸೈಕ್ಲಿಕ್ ಗುಂಪಿನ ಖಿನ್ನತೆ ಮಾತ್ರೆ ತಗೊಳ್ಳುವವರಲ್ಲಿ ಸೊಂಟ ಮುರಿತ ಸುಮಾರು 1.9 ಪಟ್ಟು ಕಂಡಿತು. ಆಗ ಯಾರಿಗೂ ದೊಡ್ಡ ಆಶ್ಚರ್ಯ ಆಗಲಿಲ್ಲ. ಅಮಿಟ್ರಿಪ್ಟಿಲೀನ್, ಇಮಿಪ್ರಮೀನ್‌ನಂಥ ಹಳೇ ಮಾತ್ರೆ ತಗೊಂಡರೆ ಮಂಪರು ಬರುತ್ತದೆ, ಎದ್ದು ನಿಂತಾಗ ಬಿಪಿ ಇಳಿಯುತ್ತದೆ, ಕಣ್ಣು ಮಂಜಾಗುತ್ತದೆ. ಬಿದ್ದರೆ ಏನು ಆಶ್ಚರ್ಯ?

ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಫ್ಲುಆಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕಿತು. ಪ್ರೊಜಾಕ್ ಅನ್ನುವ ಹೆಸರಲ್ಲಿ ಜಗತ್ತಿಗೆಲ್ಲ ಗೊತ್ತಾದ ಮಾತ್ರೆ ಅದು. ಅದರ ಹಿಂದೆ ಮುಂದೆ ಅದೇ ಜಾತಿಯವು ಬಂದವು: ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಸಿಟಲೋಪ್ರಾಮ್, ಎಸಿಟಲೋಪ್ರಾಮ್. ಇವಕ್ಕೆ ಎಸ್‌ಎಸ್‌ಆರ್‌ಐ ಅನ್ನುತ್ತಾರೆ. ಮೆದುಳಿನ ನರಗಳ ನಡುವೆ ಸೆರೊಟೋನಿನ್ ಅನ್ನುವ ರಾಸಾಯನಿಕ ಬೇಗ ವಾಪಸ್ ಹೀರಿಹೋಗದಂತೆ ತಡೆಯುವುದು ಇವುಗಳ ಕೆಲಸ. ಮಂಪರು ಕಡಿಮೆ, ಬಿಪಿ ಅಷ್ಟು ಇಳಿಯುವುದಿಲ್ಲ, ಜಾಸ್ತಿ ನುಂಗಿಬಿಟ್ಟರೂ ಹಳೇ ಮಾತ್ರೆಗಳಷ್ಟು ಜೀವಕ್ಕೆ ಅಪಾಯ ಇಲ್ಲ. ಸಹಜವಾಗಿ ಡಾಕ್ಟರುಗಳು, ವಯಸ್ಸಾದವರಿಗೆ ಇನ್ನು ಬೀಳುವ ಭಯ ತಪ್ಪಿತು ಅಂದುಕೊಂಡರು.

ಆ ಭಯ ತಪ್ಪಿರಲಿಲ್ಲ. 1998ರಲ್ಲಿ ಕೆನಡಾದ ಒಂಟಾರಿಯೋದಿಂದ ಸೊಂಟ ಮುರಿದ ಎಂಟು ಸಾವಿರಕ್ಕೂ ಹೆಚ್ಚು ವೃದ್ಧರ ಲೆಕ್ಕ ಬಂತು. ಎಸ್‌ಎಸ್‌ಆರ್‌ಐ ತಗೊಳ್ಳುವವರಲ್ಲಿ ಅಪಾಯ 2.4 ಪಟ್ಟು. ಹಳೇ ಮಾತ್ರೆಗಳಿಗಿಂತ ಕಡಿಮೆಯೇನೂ ಇಲ್ಲ. 2007ರಲ್ಲಿ ಕೆನಡಾದಿಂದಲೇ ಇನ್ನೊಂದು ಅಧ್ಯಯನ. 50 ದಾಟಿದ 5,008 ಜನರನ್ನು ಐದು ವರ್ಷ ಹಿಂಬಾಲಿಸಿದಾಗ, ದಿನಾ ಎಸ್‌ಎಸ್‌ಆರ್‌ಐ ತಗೊಳ್ಳುವವರಲ್ಲಿ ಸಣ್ಣ ಪೆಟ್ಟಿಗೇ ಮೂಳೆ ಮುರಿಯುವುದು 2.1 ಪಟ್ಟು ಕಂಡಿತು. ಅವರು ಬೀಳುವುದೂ ಜಾಸ್ತಿ ಇತ್ತು, ಸೊಂಟದ ಮೂಳೆಯ ಸಾಂದ್ರತೆಯೂ ಸುಮಾರು ಶೇ 4ರಷ್ಟು ಕಡಿಮೆ ಇತ್ತು. 2010ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಈ ಎರಡೂ ಗುಂಪಿನ ಮಾತ್ರೆಗಳ ಬಗ್ಗೆ ಡಾಕ್ಟರುಗಳಿಗೆ ಎಚ್ಚರಿಕೆ ಕಳಿಸಿತು.

ಇಷ್ಟು ಓದಿದ ಮೇಲೆ ಯಾರಿಗಾದರೂ ಒಂದು ಅನುಮಾನ ಬರಬೇಕು. ತಪ್ಪು ಮಾತ್ರೆಯದ್ದಾ, ಕಾಯಿಲೆಯದ್ದಾ? ಖಿನ್ನತೆ ಇರುವವರು ಸರಿಯಾಗಿ ಊಟ ಮಾಡುವುದಿಲ್ಲ, ಮನೆಯಿಂದ ಆಚೆ ಬರುವುದಿಲ್ಲ, ಬಿಸಿಲು ಕಾಣುವುದಿಲ್ಲ, ನಡೆಯುವುದಿಲ್ಲ. ಕೆಲವರು ಸಿಗರೇಟು, ಕುಡಿತಕ್ಕೆ ಹೋಗುತ್ತಾರೆ. ದೇಹದಲ್ಲಿ ಕಾರ್ಟಿಸೋಲ್ ಅನ್ನುವ ಹಾರ್ಮೋನು ಜಾಸ್ತಿ ಇರುತ್ತದೆ, ಅದು ಮೂಳೆ ತಿನ್ನುತ್ತದೆ. 1996ರಲ್ಲೇ ಒಂದು ಸಣ್ಣ ಅಧ್ಯಯನ ಬಂದಿತ್ತು. ಖಿನ್ನತೆ ಇದ್ದ ಅಥವಾ ಹಿಂದೆ ಆಗಿದ್ದ 24 ಹೆಂಗಸರ ಬೆನ್ನುಮೂಳೆಯ ಸಾಂದ್ರತೆ, ಖಿನ್ನತೆ ಇಲ್ಲದ ಅವರ ವಯಸ್ಸಿನವರಿಗಿಂತ ಶೇ 6.5ರಷ್ಟು ಕಡಿಮೆ ಇತ್ತು. ಅಂದರೆ ಮಾತ್ರೆ ಬಾಯಿಗೆ ಹಾಕುವ ಮೊದಲೇ ಮೂಳೆ ಸೊರಗಿರಬಹುದು.

ಈ ಅನುಮಾನಕ್ಕೆ ದೊಡ್ಡ ಬಲ ಕೊಟ್ಟದ್ದು 2019ರ ಸ್ವೀಡನ್ ಅಧ್ಯಯನ. 65 ದಾಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ದಾಖಲೆ. ಅರ್ಧ ಜನ ಖಿನ್ನತೆ ಮಾತ್ರೆ ಶುರು ಮಾಡಿದವರು, ಅರ್ಧ ಜನ ಶುರು ಮಾಡದವರು. ಮಾತ್ರೆ ಶುರುವಾದ ಮುಂದಿನ ವರ್ಷದಲ್ಲಿ ಒಂದು ಗುಂಪಿನ ಶೇ 3.5 ಜನರ ಸೊಂಟ ಮುರಿದಿತ್ತು, ಇನ್ನೊಂದು ಗುಂಪಿನಲ್ಲಿ ಶೇ 1.3. ಎರಡೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಅವರು ಮಾತ್ರೆ ಶುರು ಮಾಡುವ ಹಿಂದಿನ ವರ್ಷವನ್ನೂ ತೆಗೆದು ನೋಡಿದರು. ಅಲ್ಲೂ ಶೇ 2.8 ಮತ್ತು 1.1! ಮಾತ್ರೆಯೇ ಇಲ್ಲದಾಗಲೂ ವ್ಯತ್ಯಾಸ ಇತ್ತು. ಎಲ್ಲಕ್ಕಿಂತ ಜಾಸ್ತಿ ಮುರಿತ ಕಂಡದ್ದು ಮಾತ್ರೆ ಶುರು ಮಾಡುವುದಕ್ಕೆ 16ರಿಂದ 30 ದಿನ ಮೊದಲು. ಯೋಚಿಸಿದರೆ ಅರ್ಥ ಆಗುತ್ತದೆ ಅಲ್ವಾ? ಅಜ್ಜಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಆಪರೇಷನ್ ಆಗುತ್ತದೆ, ಹಾಸಿಗೆ ಹಿಡಿದು ಕುಗ್ಗುತ್ತಾರೆ, ಆಗ ಡಾಕ್ಟರು ಖಿನ್ನತೆಗೆ ಮಾತ್ರೆ ಬರೆಯುತ್ತಾರೆ. ಮುರಿತ ಮೊದಲು, ಮಾತ್ರೆ ಆಮೇಲೆ.

ಹಾಗಾದರೆ ಮಾತ್ರೆ ನಿರಪರಾಧಿಯಾ? ನಾನೂ ಹಾಗೆ ಅಂದುಕೊಂಡೆ, ಪಾರ್ಶ್ವವಾಯು ಪ್ರಯೋಗಗಳನ್ನು ಓದುವವರೆಗೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅವೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲಕ್ವ ಹೊಡೆದವರಿಗೆ ಫ್ಲುಆಕ್ಸೆಟಿನ್ ಕೊಟ್ಟರೆ ಕೈಕಾಲಿಗೆ ಬೇಗ ಶಕ್ತಿ ಬರಬಹುದು ಅನ್ನುವ ಆಸೆ ಡಾಕ್ಟರುಗಳಿಗೆ ಇತ್ತು. ಅದನ್ನು ಪರೀಕ್ಷಿಸಲು ಮೂರು ದೊಡ್ಡ ಪ್ರಯೋಗ ನಡೆದವು. ಬ್ರಿಟನ್ನಿನಲ್ಲಿ ಫೋಕಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ವಿಯೆಟ್ನಾಂ ಸೇರಿ ಅಫಿನಿಟಿ, ಸ್ವೀಡನ್ನಿನಲ್ಲಿ ಎಫೆಕ್ಟ್ಸ್. ಒಟ್ಟು 5,907 ಜನ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಾ 20 ಮಿ.ಗ್ರಾಂ ಫ್ಲುಆಕ್ಸೆಟಿನ್, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಆರು ತಿಂಗಳು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಖಿನ್ನತೆ ಇದೆ ಅಂತ ಯಾರಿಗೂ ಮಾತ್ರೆ ಕೊಟ್ಟದ್ದಲ್ಲ. ಹಾಗಾಗಿ "ಅವರಿಗೆ ಮೊದಲೇ ಖಿನ್ನತೆ ಇತ್ತು, ಅದಕ್ಕೇ ಬಿದ್ದರು" ಅನ್ನುವ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಎರಡು ಗುಂಪಿಗೂ ಇರುವ ವ್ಯತ್ಯಾಸ ಆ ಮಾತ್ರೆ ಒಂದೇ.

ಕೈಕಾಲಿಗೆ ಶಕ್ತಿ ಬರಲಿಲ್ಲ. ಮೂರರಲ್ಲೂ ಆ ಆಸೆ ಸುಳ್ಳಾಯಿತು. ಆದರೆ ಮೂರರಲ್ಲೂ ಮೂಳೆ ಮುರಿತ ಜಾಸ್ತಿ ಆಯಿತು. ಫೋಕಸ್‌ನಲ್ಲಿ ಮಾತ್ರೆ ತಗೊಂಡವರಲ್ಲಿ 45 ಜನ, ತಗೊಳ್ಳದವರಲ್ಲಿ 23. ಅಫಿನಿಟಿಯಲ್ಲಿ 19 ಮತ್ತು 6. ಎಫೆಕ್ಟ್ಸ್‌ನಲ್ಲಿ 28 ಮತ್ತು 11. ಕೂಡಿಸಿ ನೋಡಿ, 92 ಮತ್ತು 40. ಬೇರೆ ಬೇರೆ ದೇಶ, ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ಊಟ ತಿಂಡಿ, ಆದರೂ ಎಲ್ಲ ಕಡೆ ಹೆಚ್ಚುಕಡಿಮೆ ಎರಡು ಪಟ್ಟು ಅಥವಾ ಜಾಸ್ತಿ. ಇದನ್ನು ಕಾಕತಾಳೀಯ ಅಂತ ತಳ್ಳಿಹಾಕಲು ಆಗುವುದಿಲ್ಲ.

ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. "ಎರಡು ಪಟ್ಟು" ಅಂದ ಕೂಡಲೇ ಎದೆ ಝಲ್ ಅನ್ನುತ್ತದೆ. ಲೆಕ್ಕ ಹಾಕಿದರೆ, ಮಾತ್ರೆ ಇಲ್ಲದೆ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆಗುತ್ತಿದ್ದದ್ದು ಮಾತ್ರೆಯಿಂದ ನೂರರಲ್ಲಿ ಮೂವರಿಗೆ ಆಯಿತು. ಉಳಿದ 97 ಜನರಿಗೆ ಏನೂ ಮುರಿಯಲಿಲ್ಲ. ಅದೂ ಇವರೆಲ್ಲ ಲಕ್ವ ಹೊಡೆದವರು, ಹೆಚ್ಚಿನವರು ವಯಸ್ಸಾದವರು, ಮೊದಲೇ ಸಮತೋಲನ ತಪ್ಪಿದವರು. 30 ವರ್ಷದ, ಗಟ್ಟಿಮುಟ್ಟಾದ, ಆಫೀಸಿಗೆ ಹೋಗಿ ಬರುವ ಹುಡುಗಿಗೆ ಈ ಅಂಕಿಯನ್ನು ಹಾಗೇ ಅಂಟಿಸಿ ಹೆದರಿಸುವುದು ತಪ್ಪು. ಅವಳಿಗೆ ಮೂಳೆ ಮುರಿಯುವ ಸಾಧ್ಯತೆಯೇ ತೀರಾ ಸಣ್ಣದು, ಸಣ್ಣದರ ಎರಡು ಪಟ್ಟೂ ಸಣ್ಣದೇ. 75 ವರ್ಷದ ಅಜ್ಜಿಗೆ ಹಾಗಲ್ಲ. ಸೊಂಟ ಮುರಿದುಕೊಂಡ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಉಳಿದವರಲ್ಲೂ ಎಷ್ಟೋ ಜನ ಮೊದಲಿನ ಹಾಗೆ ಓಡಾಡುವುದಿಲ್ಲ. ಅವರ ಮಟ್ಟಿಗೆ ಇದು ದೊಡ್ಡ ಮಾತು.

ಇನ್ನು, ಮಾತ್ರೆ ಮೂಳೆಯನ್ನು ಹೇಗೆ ಮುರಿಯುತ್ತದೆ? ಎರಡು ದಾರಿ ಇದೆ. ಬೀಳುವುದು ಒಂದು, ಮೂಳೆಯೇ ತೆಳ್ಳಗಾಗುವುದು ಇನ್ನೊಂದು. 2011ರಲ್ಲಿ ಬ್ರಿಟನ್ನಿನಲ್ಲಿ ಖಿನ್ನತೆ ಇರುವ, 65 ದಾಟಿದ 60,746 ಜನರ ಅಧ್ಯಯನ ಬಂತು. ಅದರಲ್ಲಿ ಬೀಳುವುದು, ಮುರಿಯುವುದು ಎಲ್ಲ ಜಾಸ್ತಿ ಕಂಡದ್ದು ಮಾತ್ರೆ ಶುರು ಮಾಡಿದ ಮೊದಲ 28 ದಿನಗಳಲ್ಲಿ, ಮತ್ತೆ ನಿಲ್ಲಿಸಿದ ಮೇಲಿನ 28 ದಿನಗಳಲ್ಲಿ. 28 ದಿನದಲ್ಲಿ ಯಾರ ಮೂಳೆಯೂ ಟೊಳ್ಳಾಗುವುದಿಲ್ಲ. ಅಂದರೆ ಶುರುವಿನ ಅಪಾಯ ಬಹುಪಾಲು ಬೀಳುವುದರಿಂದಲೇ ಬರುತ್ತದೆ.

ಬೀಳುವುದಕ್ಕೆ ಕಾರಣ ಹಲವು. ಅದರಲ್ಲಿ ನಮ್ಮ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲದ್ದು ಸೋಡಿಯಂ. ಎಸ್‌ಎಸ್‌ಆರ್‌ಐ ಮಾತ್ರೆಗಳು ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ರಕ್ತದ ಸೋಡಿಯಂ ಇಳಿಸುತ್ತವೆ. ಬಿಪಿಗೆ ನೀರು ಹೋಗುವ ಮಾತ್ರೆಯನ್ನೂ ತಗೊಳ್ಳುತ್ತಿದ್ದರೆ ಇನ್ನೂ ಬೇಗ ಇಳಿಯುತ್ತದೆ. ಸೋಡಿಯಂ 135ರಿಂದ 145ರ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಮಂಕು ಕವಿಯುತ್ತದೆ, ನಡಿಗೆ ಓಲಾಡುತ್ತದೆ, ತಲೆ ತಿರುಗುತ್ತದೆ. ಮನೆಯವರು "ವಯಸ್ಸಾಯ್ತು, ಸುಸ್ತು" ಅಂದುಕೊಳ್ಳುತ್ತಾರೆ. ಎಫೆಕ್ಟ್ಸ್ ಪ್ರಯೋಗದಲ್ಲಿ ಸೋಡಿಯಂ ಇಳಿದದ್ದು ಮಾತ್ರೆ ತಗೊಂಡ 11 ಜನರಿಗೆ, ತಗೊಳ್ಳದವರಲ್ಲಿ ಒಬ್ಬರಿಗೆ. ದೊಡ್ಡಮ್ಮನ ರಕ್ತ ಪರೀಕ್ಷೆ ಮಾಡಿಸಿದಾಗ 128 ಇತ್ತು. ಆ ಚೀಟಿ ಕೈಯಲ್ಲಿ ಹಿಡಿದು ಲ್ಯಾಬಿನ ಮೆಟ್ಟಿಲ ಮೇಲೆ ನಿಂತಿದ್ದು ನನಗೆ ಇನ್ನೂ ನೆನಪಿದೆ. ಆರು ತಿಂಗಳಿಂದ "ಏನೋ ಒಂಥರಾ ಆಗುತ್ತೆ ಕಣಪ್ಪಾ" ಅನ್ನುತ್ತಿದ್ದರು, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಇನ್ನೊಂದು ಕ್ಲೋನಜೆಪಾಮ್. ಅದು ಖಿನ್ನತೆಯ ಮಾತ್ರೆ ಅಲ್ಲ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆ. ಶುರುವಿನ ಎರಡು ಮೂರು ವಾರ, ಎಸಿಟಲೋಪ್ರಾಮ್ ಕೆಲಸ ಶುರು ಮಾಡುವವರೆಗೆ, ಜೊತೆಯಲ್ಲಿ ಕೊಡುವುದಕ್ಕೆ ಅರ್ಥ ಇದೆ. ಆದರೆ ನಮ್ಮಲ್ಲಿ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುತ್ತಾರೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಲು ದಾರಿಯೇ ಇಲ್ಲ. ಹೊಸ ಚೀಟಿ ಬರೆಸಿಕೊಳ್ಳದೆ ಹೋದರೆ ಕ್ಲೋನಜೆಪಾಮ್ ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತದೆ. ಅದರ ಗುಂಪಿನ ಮಾತ್ರೆಗಳು ವೃದ್ಧರನ್ನು ಬೀಳಿಸುತ್ತವೆ ಅನ್ನುವುದು ಬಹಳ ಹಳೇ ತಿಳಿವಳಿಕೆ. ಎರಡೂ ಸೇರಿದ ಮಾತ್ರೆಯನ್ನು ವಯಸ್ಸಾದವರಿಗೆ ತಿಂಗಳುಗಟ್ಟಲೆ ಕೊಡುವುದು ನಿಲ್ಲಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂಳೆ ತೆಳ್ಳಗಾಗುವ ದಾರಿ ಇದಕ್ಕಿಂತ ನಿಧಾನ, ಅಷ್ಟು ಸ್ಪಷ್ಟವೂ ಅಲ್ಲ. ಮೂಳೆ ಅಂದರೆ ಕಲ್ಲಲ್ಲ. ಒಳಗೆ ಸದಾ ರಿಪೇರಿ ನಡೆಯುತ್ತಿರುವ ಮನೆ ಇದ್ದ ಹಾಗೆ. ಒಂದು ಕಡೆ ಹಳೇ ಗೋಡೆ ಕೆಡವುವ ಕಣಗಳು, ಇನ್ನೊಂದು ಕಡೆ ಹೊಸದು ಕಟ್ಟುವ ಕಣಗಳು. ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಈ ಎರಡೂ ಥರದ ಕಣಗಳ ಮೇಲೆ, ಮೆದುಳಿನ ನರಗಳ ಮೇಲೆ ಇರುವ ಹಾಗೆಯೇ, ಸೆರೊಟೋನಿನ್ ಹೀರುವ ಬಾಯಿಗಳಿವೆ. ಸೆರೊಟೋನಿನ್ ಅಂದರೆ ಮೆದುಳಿನದ್ದು ಅಂದುಕೊಂಡಿರುತ್ತೇವೆ, ಆದರೆ ದೇಹದ ಶೇ 90ಕ್ಕೂ ಹೆಚ್ಚು ಸೆರೊಟೋನಿನ್ ತಯಾರಾಗುವುದು ಕರುಳಿನಲ್ಲಿ. ಮಾತ್ರೆ ಮೆದುಳಿನ ಬಾಯಿ ಮಾತ್ರ ಮುಚ್ಚಿ ಮೂಳೆಯದ್ದನ್ನು ಬಿಡುವುದಿಲ್ಲ, ಎಲ್ಲ ಕಡೆ ಮುಚ್ಚುತ್ತದೆ. ಈ ಬಾಯಿಯೇ ಇಲ್ಲದ ಹಾಗೆ ಬೆಳೆಸಿದ ಇಲಿಗಳ ಮೂಳೆ ತೆಳ್ಳಗೆ, ಬಲವಿಲ್ಲದೆ ಇತ್ತು. 2016ರಲ್ಲಿ ಇನ್ನೊಂದು ಕುತೂಹಲದ ಸಂಗತಿ ಕಂಡಿತು. ಇಲಿಗಳಿಗೆ ಫ್ಲುಆಕ್ಸೆಟಿನ್ ಕೊಟ್ಟಾಗ ಮೊದಲ ಕೆಲವು ವಾರ ಮೂಳೆಗೆ ಒಳ್ಳೆಯದೇ ಆಯಿತು, ಆಮೇಲೆ ಮೆದುಳಿನ ಮೂಲಕ ನರಮಂಡಲ ಚುರುಕಾಗಿ ಮೂಳೆ ಸವೆಯತೊಡಗಿತು. ಜೊತೆಗೆ ಬಿಪಿ, ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಸ್ವಲ್ಪ ಕೊಟ್ಟರೆ ಸವೆತ ತಪ್ಪಿತು. ಇದು ಇಲಿಯ ಮಾತು, ಮನುಷ್ಯರಿಗೆ ಇದನ್ನೇ ಚಿಕಿತ್ಸೆ ಅಂದುಕೊಳ್ಳಬಾರದು.

ಮನುಷ್ಯರಲ್ಲಿ ಅಂಕಿಗಳು ಒಂದೇ ಮಾತು ಹೇಳುವುದಿಲ್ಲ. ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ, 2007ರಲ್ಲಿ ಬಂದ ಅಧ್ಯಯನದಲ್ಲಿ ಮಾತ್ರೆ ತಗೊಳ್ಳದವರ ಸೊಂಟದ ಮೂಳೆ ವರ್ಷಕ್ಕೆ ಶೇ 0.47ರಷ್ಟು ಸವೆದರೆ, ಎಸ್‌ಎಸ್‌ಆರ್‌ಐ ತಗೊಳ್ಳುವವರದ್ದು ಶೇ 0.82. ಮರುವರ್ಷ ಬಂದ, ಇನ್ನೂ ದೊಡ್ಡ ಅಧ್ಯಯನದಲ್ಲಿ ಮುರಿತ ಜಾಸ್ತಿ ಕಂಡಿತು, ಸವೆತದಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು 2015ರ ಒಂದು ಲೆಕ್ಕ. 40ರಿಂದ 64 ವಯಸ್ಸಿನ, ಮಾನಸಿಕ ಕಾಯಿಲೆ ಅಂತ ದಾಖಲಾಗದ ಹೆಂಗಸರು. ಒಂದು ಗುಂಪು ಎಸ್‌ಎಸ್‌ಆರ್‌ಐ ಶುರು ಮಾಡಿದವರು, ಇನ್ನೊಂದು ಆ್ಯಸಿಡಿಟಿ ಮಾತ್ರೆ ಶುರು ಮಾಡಿದವರು. ಮುಟ್ಟು ನಿಲ್ಲುವ ಹೊತ್ತಿನ ಮೈಬಿಸಿ, ಬೆವರಿಗೂ ಈ ಮಾತ್ರೆ ಕೊಡುತ್ತಾರೆ, ಅದಕ್ಕೇ ಈ ಹೋಲಿಕೆ. ಒಂದು ವರ್ಷಕ್ಕೆ ಮುರಿತ 1.76 ಪಟ್ಟು, ಐದು ವರ್ಷಕ್ಕೂ 1.67 ಪಟ್ಟು. ಈ ವಯಸ್ಸಿನವರು ಅಷ್ಟು ಬೀಳುವುದಿಲ್ಲ, ಆದರೂ ಅಪಾಯ ವರ್ಷಗಟ್ಟಲೆ ಉಳಿದಿದೆ ಅಂದರೆ ಮೂಳೆಗೂ ಏನೋ ಆಗುತ್ತಿದೆ ಅನ್ನಿಸುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಹೇಗೂ ಬೇಗ ಸವೆಯುತ್ತದೆ, ಅದರ ಮೇಲೆ ಇದು.

ಇದನ್ನೆಲ್ಲ ನಮ್ಮ ಮನೆಗೆ ತಂದು ನೋಡಿದರೆ ಇನ್ನೂ ಕೆಲವು ಸೇರುತ್ತವೆ. ನಮ್ಮಲ್ಲಿ ಎಷ್ಟೋ ಜನರಿಗೆ ತಾವು ಖಿನ್ನತೆಯ ಮಾತ್ರೆ ತಗೊಳ್ತಿದ್ದೇವೆ ಅಂತಲೇ ಗೊತ್ತಿಲ್ಲ. ಮೈಗ್ರೇನ್‌ಗೆ ಅಂತ ಕೊಟ್ಟ ಅಮಿಟ್ರಿಪ್ಟಿಲೀನ್, ಸಕ್ಕರೆ ಕಾಯಿಲೆಯವರ ಕಾಲುರಿಗೆ ಅಂತ ಕೊಟ್ಟ ಡುಲಾಕ್ಸೆಟಿನ್ ಎರಡೂ ಇದೇ ಕುಟುಂಬದವು. ಬಿಸಿಲಿನ ನಾಡಲ್ಲಿದ್ದರೂ ವಿಟಮಿನ್ ಡಿ ಕೊರತೆ ಮನೆಮನೆಯಲ್ಲೂ ಇದೆ. ಸೊಂಟ ಮುರಿತ ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸುತ್ತದೆ ಅಂತ ಮೂಳೆ ಡಾಕ್ಟರುಗಳು ಹೇಳುತ್ತಾರೆ. ಇನ್ನು ಮಾತಿನ ಗೊಂದಲ ಬೇರೆ. ಮಂಡಿ ನೋವಿಗೂ "ಮೂಳೆ ಸವೆತ" ಅನ್ನುತ್ತೇವೆ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್‌ಗೂ "ಮೂಳೆ ಸವೆತ" ಅನ್ನುತ್ತೇವೆ. ಮೊದಲನೆಯದು ನೋಯುತ್ತದೆ. ಎರಡನೆಯದು ಮುರಿಯುವವರೆಗೂ ಸುಮ್ನೆ ಇರುತ್ತದೆ. "ನನಗೆ ಮೂಳೆ ನೋವಿಲ್ಲ, ಗಟ್ಟಿ ಇದೆ" ಅನ್ನುವವರ ಮೂಳೆ ಗಟ್ಟಿ ಇರಬೇಕು ಅಂತೇನಿಲ್ಲ.

ಈಗ ಮೊದಲೇ ಹೇಳಿದ ಮಾತಿಗೆ ಬರುತ್ತೇನೆ, ನಿಲ್ಲಿಸಬೇಡಿ ಅಂದದ್ದಕ್ಕೆ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಖಿನ್ನತೆ ಬಂದಿರುತ್ತದೆ. ಚಿಕಿತ್ಸೆ ಬೇಕಿದ್ದೂ ಸಿಗದವರು, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92. ನಮ್ಮ ದೊಡ್ಡ ಸಮಸ್ಯೆ ಜಾಸ್ತಿ ಮಾತ್ರೆ ಅಲ್ಲ, ಬೇಕಾದವರಿಗೆ ಮಾತ್ರೆ ಸಿಗದಿರುವುದು, ಸಿಕ್ಕವರಿಗೆ ಆಮೇಲೆ ಯಾರೂ ವಿಚಾರಿಸದಿರುವುದು. ಖಿನ್ನತೆ ಊಟ ಬಿಡಿಸುತ್ತದೆ, ಮೂಲೆ ಹಿಡಿಸುತ್ತದೆ, ಜೀವವನ್ನೇ ತೆಗೆಯುತ್ತದೆ. ಮಾತ್ರೆಯಿಂದ ಚೇತರಿಸಿಕೊಂಡು ಮತ್ತೆ ಬೆಳಿಗ್ಗೆ ವಾಕಿಂಗ್ ಹೋಗುವವರ ಮೂಳೆಗೆ ಆ ವಾಕಿಂಗ್ ಒಳ್ಳೆಯದು ಮಾಡುತ್ತದೆ. ಫೋಕಸ್ ಪ್ರಯೋಗದಲ್ಲೇ, ಮಾತ್ರೆ ತಗೊಂಡವರಲ್ಲಿ ಹೊಸದಾಗಿ ಖಿನ್ನತೆ ಬಂದದ್ದು ಶೇ 13, ತಗೊಳ್ಳದವರಲ್ಲಿ ಶೇ 17. ಇದನ್ನೂ ತಕ್ಕಡಿಯಲ್ಲಿ ಇಡಬೇಕು. ಇನ್ನು ಒಮ್ಮೆಗೇ ನಿಲ್ಲಿಸಿದರೆ ತಲೆ ತಿರುಗು, ವಾಕರಿಕೆ, ಕರೆಂಟ್ ಹೊಡೆದ ಹಾಗೆ ಝುಂ ಅನ್ನುವುದು, ನಿದ್ದೆ ಕೆಡುವುದು ಎಲ್ಲ ಬರುತ್ತದೆ. ನಿಲ್ಲಿಸಿದ ಮೇಲಿನ 28 ದಿನವೂ ಅಪಾಯದ್ದೇ ಅಂತ ಮೇಲೆ ಓದಿದಿರಿ. ಕ್ಲೋನಜೆಪಾಮ್ ವರ್ಷಗಟ್ಟಲೆ ತಗೊಂಡವರು ಥಟ್ ಅಂತ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಹಾಗಾಗಿ ಮಾಡಬೇಕಾದ್ದು, ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗುವುದು. ಮೂಳೆ ಡಾಕ್ಟರಿಗೆ ಮನಸ್ಸಿನ ಮಾತ್ರೆ ತೋರಿಸಿ, ಮನಸ್ಸಿನ ಡಾಕ್ಟರಿಗೆ ಹಳೇ ಎಕ್ಸ್‌ರೇ ತೋರಿಸಿ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ನಡುವೆ ಸುದ್ದಿ ಒಯ್ಯುವವರು ನಾವೇ. 60 ದಾಟಿದವರಿಗೆ ಮಾತ್ರೆ ಶುರು ಮಾಡಿದ ಎರಡು ಮೂರು ವಾರಕ್ಕೆ ಒಮ್ಮೆ ಸೋಡಿಯಂ ನೋಡಿಸಬೇಕಾ ಅಂತ ಕೇಳಿ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಲು ಹೇಳಿ. ಹಿಂದೆ ಬಿದ್ದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅಮೆರಿಕದ ವೃದ್ಧರ ವೈದ್ಯರ ಸಂಘದ ಬಿಯರ್ಸ್ ಪಟ್ಟಿ, ಬಿದ್ದ ಅಥವಾ ಮೂಳೆ ಮುರಿದ ಇತಿಹಾಸ ಇರುವವರಿಗೆ ಈ ಮಾತ್ರೆಗಳನ್ನು ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಕೊಡಿ ಅನ್ನುತ್ತದೆ. ಮುಟ್ಟು ನಿಂತು ವರ್ಷಗಳಾದವರು, ಸ್ಟೆರಾಯ್ಡ್ ತಗೊಂಡವರು, ಈಗಾಗಲೇ ಒಮ್ಮೆ ಮೂಳೆ ಮುರಿದವರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವಿಚಾರಿಸಿ. ಅದರಲ್ಲಿ ಬರುವ ಟಿ ಸ್ಕೋರ್ ಅನ್ನುವ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಮುರಿತದ ಅಪಾಯ ಲೆಕ್ಕ ಹಾಕಲು ಡಾಕ್ಟರುಗಳು ಬಳಸುವ ಫ್ರ್ಯಾಕ್ಸ್ ಲೆಕ್ಕದಲ್ಲಿ ಸ್ಟೆರಾಯ್ಡ್‌ಗೆ ಜಾಗ ಇದೆ, ಖಿನ್ನತೆಯ ಮಾತ್ರೆಗೆ ಇಲ್ಲ. ಅದಕ್ಕೇ ನಾವೇ ನೆನಪಿಸಬೇಕು.

ಊಟದ ಮಾತೂ ಬೇಕು. ದೊಡ್ಡವರಿಗೆ ದಿನಕ್ಕೆ 1,000 ಮಿ.ಗ್ರಾಂ, ಮುಟ್ಟು ನಿಂತವರಿಗೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಅಂತ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಇದೆ. ಮುದ್ದೆ, ಮೊಸರು, ಸೊಪ್ಪಿನ ಸಾರು ಸೇರಿದರೆ ಬಹಳ ದೂರ ಬಂದ ಹಾಗೆ. ವಿಟಮಿನ್ ಡಿಯ 60,000 ಯೂನಿಟ್ ಸ್ಯಾಚೆಯನ್ನು ಮಾತ್ರ ಯಾರೋ ಹೇಳಿದರು ಅಂತ ವಾರಾವಾರ ಕುಡಿಯುತ್ತಾ ಹೋಗಬೇಡಿ, ಅದು ಮಿತಿ ಮೀರಿದರೆ ಬೇರೆಯೇ ತೊಂದರೆ.

ಡಾಕ್ಟರು ಹತ್ತಿರ ಇಲ್ಲ, ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ ಅನ್ನುವವರಿಗೆ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೊಡ್ಡಮ್ಮನನ್ನು ಹೊಸ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಮೊದಲು ಕೇಳಿದ್ದು ಮಾತ್ರೆಯ ವಿಷಯ ಅಲ್ಲ, "ಈಗ ಮನಸ್ಸು ಹೇಗಿದೆ ಅಮ್ಮಾ?" ಅಂತ. ಆರು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಇವರು ಹತ್ತು ನಿಮಿಷ ದೊಡ್ಡಪ್ಪನ ವಿಷಯ ಹೇಳಿದರು, ಅತ್ತರು. ಬಿಪಿ ಮಾತ್ರೆಯಲ್ಲಿದ್ದ ನೀರು ಹೋಗುವ ಔಷಧಿ ತೆಗೆದರು. ಸೇರಿಕೆ ಮಾತ್ರೆ ಬಿಡಿಸಿ ಎರಡನ್ನೂ ಬೇರೆ ಬೇರೆ ಬರೆದರು. ಕ್ಲೋನಜೆಪಾಮ್ ಅರ್ಧ, ಆಮೇಲೆ ಕಾಲು, ಹೀಗೆ ಮೂರು ತಿಂಗಳಲ್ಲಿ ನಿಂತಿತು. ಎಸಿಟಲೋಪ್ರಾಮ್ 5 ಮಿ.ಗ್ರಾಂಗೆ ಇಳಿಸಿ ಮುಂದುವರಿಸಿದ್ದಾರೆ, ನಿಲ್ಲಿಸುವುದೋ ಬೇಡವೋ ಮುಂದಿನ ಸಲ ನೋಡೋಣ ಅಂದಿದ್ದಾರೆ. ಸೋಡಿಯಂ ಈಗ 136. ಬಲಗೈ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಮುದ್ದೆ ತಿರುವಲು ಆಗುತ್ತಿಲ್ಲ ಅನ್ನುವುದೇ ಅವರಿಗೆ ದೊಡ್ಡ ಬೇಸರ. ರಾತ್ರಿ ಎಚ್ಚರ ಆದರೆ ಎರಡು ನಿಮಿಷ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಗೋಡೆಗೆ ಹಾಕಿಸಿದ ಹಿಡಿ ಹಿಡಿದು ಏಳುತ್ತಾರೆ.